ಜ್ವರದ ಸಾಲಿನಲ್ಲಿ ಯಾರ ಪಕ್ಕ ಯಾರು? ಆಸ್ಪತ್ರೆಯೊಳಗೆ ಸೋಂಕು ಹರಡುವುದು ಎಲ್ಲಿಂದ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ದೊಡ್ಡ ಆಸ್ಪತ್ರೆಗಳ ಒಪಿಡಿಗೆ ಹೋದರೆ ಹೆಚ್ಚುಕಮ್ಮಿ ಒಂದೇ ನೋಟ. ಬಾಗಿಲ ಬಳಿ ಒದ್ದೆ ಕೊಡೆಗಳು, ಬೆಂಚು ತುಂಬ ಜನ, ಇರಚಲು ಹೊಡೆಯುತ್ತದೆ ಎಂದು ಮುಚ್ಚಿದ ಕಿಟಕಿಗಳು. ಚೀಟಿ ಮಾಡಿಸಿಕೊಂಡು ಕೂತವರಲ್ಲಿ ಬಹಳಷ್ಟು ಮಂದಿಯ ತೊಂದರೆ ಜ್ವರ. ಅವರಲ್ಲಿ ಕಟ್ಟಡ ಕೆಲಸದ ಹುಡುಗನಿಗೆ ಮಲೇರಿಯಾ ಇರಬಹುದು. ಗದ್ದೆಗಿಳಿದು ಬಂದವರಿಗೆ ಇಲಿಜ್ವರ, ಕಾಲೇಜು ಹುಡುಗಿಗೆ ಡೆಂಗಿ, ತಾಯಿಯ ಮಡಿಲಲ್ಲಿರುವ ಮಗುವಿಗೆ ಫ್ಲೂ ಇರಬಹುದು. ಮೂರು ವಾರದಿಂದ ಕೆಮ್ಮುತ್ತಿರುವ ಅಜ್ಜನಿಗೆ ಟಿಬಿ. ಯಾರಿಗೆ ಯಾವುದು ಎಂದು ಆ ಹೊತ್ತಿಗೆ ಯಾರಿಗೂ ಗೊತ್ತಿಲ್ಲ. ಡಾಕ್ಟರನ್ನು ಕಾಣಲು ಇನ್ನೂ ಒಂದೆರಡು ಗಂಟೆ ಕಾಯಬೇಕು. ರಿಪೋರ್ಟ್ ಬರಲು ಅದಕ್ಕಿಂತ ಜಾಸ್ತಿ. ಅಷ್ಟು ಹೊತ್ತು ಎಲ್ಲರೂ ಒಬ್ಬರಿಗೊಬ್ಬರು ತಾಗಿಕೊಂಡು ಕೂತಿರುತ್ತಾರೆ.

ಆಸ್ಪತ್ರೆಯೊಳಗಿನ ಸೋಂಕು ಎಂದ ಕೂಡಲೇ ನಮಗೆ ನೆನಪಾಗುವುದು ಐಸಿಯು ಮತ್ತು ಆಪರೇಷನ್ ಥಿಯೇಟರ್. ಅಲ್ಲಿ ಕಾಲಿಗೆ ಬೇರೆ ಚಪ್ಪಲಿ, ಮೈಗೆ ಗೌನು, ಬಾಗಿಲಲ್ಲಿ ಸೆಕ್ಯುರಿಟಿ ಎಲ್ಲ ಉಂಟು. ಈ ಬೆಂಚಿಗೆ ಏನೂ ಇಲ್ಲ. ಕಾಯಿಲೆ ಯಾವುದೆಂದು ಲ್ಯಾಬ್ ಹೇಳಿದ ಮೇಲೆ ತಡೆಯೋಣ ಎನ್ನುವ ಲೆಕ್ಕಾಚಾರವೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಅಷ್ಟರಲ್ಲಿ ಸೋಂಕು ನಾಲ್ಕು ಮನೆಗೆ ಹೋಗಿ ಆಗಿರುತ್ತದೆ.

ಇದಕ್ಕೆ ದೊಡ್ಡ ಸಾಕ್ಷಿ ಇಲ್ಲಿಂದ ಒಂದು ರಾತ್ರಿ ರೈಲಿನಷ್ಟೂ ದೂರವಿಲ್ಲ. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ಬಾವಲಿಯಿಂದ ಮನುಷ್ಯರಿಗೆ ಬರುವ ನಿಪಾ ವೈರಸ್ ಕಾಣಿಸಿಕೊಂಡಾಗ ಅದನ್ನು ಮೊದಲು ಹಿಡಿದದ್ದು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ. ಪುಣೆಯ ರಾಷ್ಟ್ರೀಯ ವೈರಾಲಜಿ ಸಂಸ್ಥೆ ಅದನ್ನು ಖಚಿತಪಡಿಸಿತು. ಉಡುಪಿ ಜಿಲ್ಲೆಯವರು ಹೆಮ್ಮೆಪಡಬೇಕಾದ ಕೆಲಸ ಅದು. ಆದರೆ ಆ ರಿಪೋರ್ಟ್ ಬರುವಾಗ ಮೊದಲ ರೋಗಿ ತೀರಿಕೊಂಡು ಸುಮಾರು ಎರಡು ವಾರ ಆಗಿತ್ತು. ಮೇ 5ರಂದು ಆತ ಹೋದಾಗ ಅವನಿಗೆ ಏನಾಗಿತ್ತೆಂದು ಯಾರಿಗೂ ಅಂದಾಜಿರಲಿಲ್ಲ. ಪೆರಾಂಬ್ರದ ತಾಲೂಕು ಆಸ್ಪತ್ರೆಯಲ್ಲಿ ಅವನನ್ನು ನೋಡಿಕೊಂಡ ನರ್ಸ್ ಲಿನಿ ಪುದುಶ್ಶೇರಿ ಅದೇ ಮೇ 21ರಂದು ತೀರಿಕೊಂಡರು. ಅಲ್ಲಿಂದ ಅವನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದಾಗ, ಸ್ಕ್ಯಾನಿಂಗ್ ಕೊಠಡಿಯ ಹೊರಗಿನ ಕಾರಿಡಾರ್‌ನಲ್ಲಿ ತಮ್ಮ ಪಾಡಿಗೆ ಕಾಯುತ್ತಿದ್ದವರಿಗೂ ಸೋಂಕು ತಗಲಿತು. ಒಟ್ಟು 23 ಪ್ರಕರಣಗಳು, ಅದರಲ್ಲಿ 18 ಲ್ಯಾಬ್‌ನಲ್ಲಿ ಖಚಿತವಾದವು. ಬದುಕಿ ಮನೆಗೆ ಹೋದವರು ಇಬ್ಬರು ಮಾತ್ರ. ಸೋಂಕು ತಗಲಿದವರಲ್ಲಿ ಹೆಚ್ಚಿನವರಿಗೆ ಅದು ಬಂದದ್ದು ಆಸ್ಪತ್ರೆಯಲ್ಲೇ. ಬಾವಲಿಯನ್ನು ಕಣ್ಣಿಂದ ನೋಡದವರೇ ಅವರಲ್ಲಿ ಜಾಸ್ತಿ ಇದ್ದಿರಬೇಕು.

ಕೊನೆಗೆ ಡಾಕ್ಟರುಗಳಿಗೆ ಅನುಮಾನ ಹುಟ್ಟಿದ್ದು ಹೇಗೆ ಎನ್ನುವುದು ಇನ್ನೂ ಮುಖ್ಯ. ಮೊದಲು ಹೋದವನ ಅಣ್ಣ ಅದೇ ಲಕ್ಷಣ ಹೊತ್ತು ಬಂದ. ಮನೆಯ ಇನ್ನಿಬ್ಬರಿಗೂ ಜ್ವರ ಇತ್ತು. ಒಂದೇ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ಮೆದುಳು ಜ್ವರ ಬಂದರೆ ಅದು ಮಾಮೂಲಿ ಅಲ್ಲ ಎಂದು ಗಮನಿಸಿ ಮಾದರಿಯನ್ನು ಮಣಿಪಾಲಕ್ಕೆ ಕಳಿಸಿದರು. ಯಂತ್ರ ನಂತರ ಬಂತು, ಪ್ರಶ್ನೆ ಮೊದಲು ಬಂತು.

ಇದು ಮೊದಲ ಸಲವೂ ಅಲ್ಲ. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ 66 ಮಂದಿಗೆ ಒಂದು ವಿಚಿತ್ರ ಜ್ವರ ಬಂತು. ಅವರಲ್ಲಿ ಮುಕ್ಕಾಲು ಪಾಲು ಆಸ್ಪತ್ರೆ ಸಿಬ್ಬಂದಿ, ಇಲ್ಲವೇ ರೋಗಿಗಳನ್ನು ನೋಡಲು ಹೋದವರು. ಅದು ನಿಪಾ ಎಂದು ಜಗತ್ತಿಗೆ ಗೊತ್ತಾದದ್ದು ವರ್ಷಗಳ ನಂತರ, ಉಳಿಸಿಟ್ಟ ಮಾದರಿಗಳನ್ನು ಪರೀಕ್ಷಿಸಿದಾಗ. 2023ರಲ್ಲಿ ಕೋಯಿಕ್ಕೋಡ್‌ನಲ್ಲಿ ಮತ್ತೆ ಅದೇ ಕಥೆ. ಆಗಸ್ಟ್ ಕೊನೆಗೆ ತೀರಿಕೊಂಡ ಮೊದಲ ರೋಗಿಯ ಕಾಯಿಲೆ ಆಗ ಗೊತ್ತಾಗಲಿಲ್ಲ. ಎರಡನೆಯವರು ಹೋದ ಮೇಲೆ ಅನುಮಾನ ಬಂತು. ಆ ಸಲ ಸೋಂಕಿತರು ಆರು ಮಂದಿ. ಅವರಲ್ಲಿ ಒಬ್ಬರು ಆಸ್ಪತ್ರೆಯ ಸಿಬ್ಬಂದಿ.

ಮಂಗಳೂರಿಗೆ ಇದು ದೂರದ ವಿಷಯ ಅಲ್ಲ. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಇಂದಿಗೂ ಮಂಗಳೂರು. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದವರು ಮಣಿಪಾಲಕ್ಕೋ ಮಂಗಳೂರಿಗೋ ಘಟ್ಟ ಇಳಿದು, ಹೆದ್ದಾರಿ ಹಿಡಿದು ಬರುತ್ತಾರೆ. 2019ರಲ್ಲಿ ಸಾಗರದ ಅರಳಗೋಡು ಕಡೆ ಮಂಗನ ಕಾಯಿಲೆ ಎದ್ದಾಗ ರೋಗಿಗಳು ಬಂದದ್ದು ಮಣಿಪಾಲಕ್ಕೆ. 2018ರಲ್ಲಿ ಮಂಗಳೂರಲ್ಲೂ ನಿಪಾ ಶಂಕೆ ಎದ್ದು ಊರೆಲ್ಲ ಗಾಬರಿಯಾಗಿತ್ತು, ಪುಣ್ಯಕ್ಕೆ ರಿಪೋರ್ಟ್ ನೆಗೆಟಿವ್ ಬಂತು. 2020ರ ಏಪ್ರಿಲ್‌ನಲ್ಲಿ ಮಾತ್ರ ಪುಣ್ಯ ಕೈ ಹಿಡಿಯಲಿಲ್ಲ. ಕೋವಿಡ್ ಒಳಗೆ ಹರಡಿ ನಗರದ ಒಂದು ಖಾಸಗಿ ಆಸ್ಪತ್ರೆಯನ್ನೇ ಸೀಲ್ ಮಾಡಬೇಕಾಯಿತು. ಬೇರೆ ಕಾಯಿಲೆಗೆ ಬಂದವರು, ಅವರ ಮನೆಯವರು, ಸಿಬ್ಬಂದಿ ಎಲ್ಲರೂ ಸಿಕ್ಕಿಹಾಕಿಕೊಂಡರು.

ಹಾಗಾದರೆ ಬಾಗಿಲಲ್ಲೇ ಎಂತ ಮಾಡಬಹುದು? ಚೀಟಿ ಮಾಡುವ ಜಾಗದಲ್ಲಿ ಮೂರು ಪ್ರಶ್ನೆ ಕೇಳಬೇಕು. ಜ್ವರವೋ ಕೆಮ್ಮೋ ಶುರುವಾಗಿ ಎಷ್ಟು ದಿನ ಆಯ್ತು? ಈಚೆಗೆ ಎಲ್ಲಿಗಾದರೂ ಹೋಗಿದ್ದೀರಾ, ಬೇರೆ ಆಸ್ಪತ್ರೆಗೆ ಹೋಗಿದ್ದೀರಾ? ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೇ ಉಂಟಾ? ಉತ್ತರ ಕೇಳಿ ಅನುಮಾನ ಬಂದರೆ ಕೈಗೊಂದು ಮಾಸ್ಕ್ ಕೊಟ್ಟು ಬೇರೆ ಬೆಂಚಿಗೆ ಕಳಿಸಬೇಕು. ಆ ಬೆಂಚು ವರಾಂಡದಲ್ಲಿ, ಗಾಳಿಯಾಡುವ ಕಡೆ ಇರಬೇಕು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರದಿಗೆ ಕಾಯಿಸದೆ ಬೇಗ ನೋಡಿ ಕಳಿಸಬೇಕು. ಅಷ್ಟೇ. ಇದಕ್ಕೆ ಯಂತ್ರ ಬೇಡ, ಟೆಂಡರ್ ಬೇಡ.

ಬೇಕಾಗಿರುವುದು ಭಾಷೆ ಬಲ್ಲವರು. ಮಂಗಳೂರಿನ ಸಾಲಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ, ಕನ್ನಡ, ಸಾಲದ್ದಕ್ಕೆ ಬಿಹಾರ, ಒಡಿಶಾ ಕಡೆಯಿಂದ ಕೆಲಸಕ್ಕೆ ಬಂದವರ ಹಿಂದಿ. ಕಟ್ಟಡ ಕೆಲಸದ ಹುಡುಗನಿಗೆ ಪ್ರಶ್ನೆಯೇ ಅರ್ಥವಾಗದೆ ಸುಮ್ನೆ ತಲೆಯಾಡಿಸಿದರೆ ಆ ಮೂರು ಪ್ರಶ್ನೆ ಇದ್ದೂ ಇಲ್ಲದ ಹಾಗೆ. ಈ ಜಾಗದಲ್ಲಿ ಅನುಭವ ಇರುವ ನರ್ಸ್ ಕೂರಬೇಕು. ಬಹಳ ಕಡೆ ಕೂರುವುದು ಕಂಪ್ಯೂಟರ್ ನೋಡಿ ಹೆಸರು, ವಯಸ್ಸು, ಮೊಬೈಲ್ ನಂಬರ್ ಮಾತ್ರ ಕೇಳಲು ಕಲಿತವರು. ಅದು ಅವರ ತಪ್ಪಲ್ಲ, ಕೂರಿಸಿದವರದ್ದು.

ಟೆಸ್ಟ್ ಇದೆಯಲ್ಲ, ಅದೇ ಹೇಳುತ್ತದಲ್ಲ ಎನ್ನುವವರಿಗೆ ಒಂದು ಮಾತು. ಇಲಿಜ್ವರದಲ್ಲಿ ಸಾಮಾನ್ಯವಾಗಿ ಮಾಡುವ ಐಜಿಎಂ ಪರೀಕ್ಷೆ (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವುದು) ಮೊದಲ ನಾಲ್ಕೈದು ದಿನ ನೆಗೆಟಿವ್ ತೋರಿಸಬಹುದು. ಡೆಂಗಿಯಲ್ಲಿ ಮೊದಲ ದಿನಗಳಿಗೆ ವೈರಸ್ಸಿನ ಪ್ರೋಟೀನನ್ನೇ ಹುಡುಕುವ ಎನ್‌ಎಸ್1, ಆಮೇಲೆ ಐಜಿಎಂ. ಯಾವ ದಿನ ಯಾವ ಟೆಸ್ಟ್ ಎನ್ನುವುದು ತಪ್ಪಿದರೆ ರಿಪೋರ್ಟ್ ನೆಗೆಟಿವ್ ಬಂದರೂ ಕಾಯಿಲೆ ಇದ್ದೇ ಇರುತ್ತದೆ. ಅದಕ್ಕೇ "ಎಷ್ಟು ದಿನ ಆಯ್ತು" ಎನ್ನುವ ಪ್ರಶ್ನೆಗೆ ಅಷ್ಟು ಬೆಲೆ.

ಇನ್ನೊಂದು ಗೊಂದಲವನ್ನು ಇಲ್ಲಿ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಹೆದರಬೇಕಾದ ಕಡೆ ಹೆದರುವುದಿಲ್ಲ, ಹೆದರಬೇಡದ ಕಡೆ ಓಡುತ್ತೇವೆ. ಇಲಿಜ್ವರ, ಮಂಗನ ಕಾಯಿಲೆ ಎಂದರೆ ರೋಗಿಯ ಹತ್ತಿರ ಹೋಗಲು ಹಿಂದೆಮುಂದೆ ನೋಡುತ್ತಾರೆ. ಇಲಿಜ್ವರ ಬರುವುದು ಇಲಿಯ ಮೂತ್ರ ಬೆರೆತ ನೀರು, ಕೆಸರಿನಿಂದ. ಮಂಗನ ಕಾಯಿಲೆ ಉಣುಗು ಕಚ್ಚುವುದರಿಂದ. ಪಕ್ಕದಲ್ಲಿ ಕೂತು ಗಂಜಿ ಕುಡಿಸಿದರೆ ಬರುವುದಿಲ್ಲ. ಮಂಗನ ಕಾಯಿಲೆಯ ರಕ್ತದ ಮಾದರಿಯಿಂದ ಲ್ಯಾಬ್ ಸಿಬ್ಬಂದಿಗೆ ಸೋಂಕು ತಗಲಿದ್ದುಂಟು, ಹಾಗಾಗಿ ಅಲ್ಲಿ ಎಚ್ಚರ ಬೇಕು. ವಾರ್ಡಿನಲ್ಲಿ ಕೂತ ಮಗಳಿಗೆ ಆ ಭಯ ಬೇಡ.

ಡೆಂಗಿ, ಮಲೇರಿಯಾ ಮುಟ್ಟಿದರೆ ಬರುವುದಿಲ್ಲ. ಆದರೆ ವಾರ್ಡಿನೊಳಗೆ ಸೊಳ್ಳೆ ಇದ್ದರೆ? ಮಂಗಳೂರಿನ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆಗೆ ತಾರಸಿಯ ಟ್ಯಾಂಕು, ಕಟ್ಟಡ ಕಟ್ಟುವಾಗ ನಿಲ್ಲುವ ಸ್ವಚ್ಛ ನೀರೇ ಇಷ್ಟ. ಆಸ್ಪತ್ರೆಯ ತಾರಸಿಯಲ್ಲೂ ಟ್ಯಾಂಕು ಇರುತ್ತದೆ, ಪಕ್ಕದಲ್ಲಿ ಹೊಸ ಬ್ಲಾಕ್ ಏಳುತ್ತಿರುತ್ತದೆ. ಜ್ವರದ ವಾರ್ಡಿನಲ್ಲಿ ಸೊಳ್ಳೆಪರದೆ ಕಟ್ಟುವುದು ರೋಗಿಗೆ ಸೊಳ್ಳೆ ಕಚ್ಚದಿರಲಿ ಎಂದು ಮಾತ್ರ ಅಲ್ಲ, ಆ ಸೊಳ್ಳೆ ಪಕ್ಕದ ಹಾಸಿಗೆಗೆ ಹೋಗದಿರಲಿ ಎಂದು. ಎಷ್ಟೋ ಕಡೆ ಪರದೆಯನ್ನು ಸುತ್ತಿ ಮೇಲೆ ಕಟ್ಟಿಟ್ಟಿರುತ್ತಾರೆ, ಡ್ರಿಪ್ ಹಾಕಲು ಅಡ್ಡ ಬರುತ್ತದೆ ಎಂದು.

ನಿಜವಾಗಿ ಹೆದರಬೇಕಾದದ್ದು ಗಾಳಿಯಲ್ಲಿ ಹೋಗುವವಕ್ಕೆ. ಟಿಬಿ, ದಡಾರ, ಚಿಕನ್‌ಪಾಕ್ಸ್ ಈ ಗುಂಪಿನವು. ದಡಾರದ ಮಗು ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೆ ಇರಬಲ್ಲದು. ಇವಕ್ಕೆ ಸಾಮಾನ್ಯ ಸರ್ಜಿಕಲ್ ಮಾಸ್ಕ್ ಸಿಬ್ಬಂದಿಗೆ ಸಾಲುವುದಿಲ್ಲ, ಎನ್95 ಬೇಕು. ಕೆಮ್ಮುವ ರೋಗಿಗೆ ಸರ್ಜಿಕಲ್ ಮಾಸ್ಕ್ ಸಾಕು.

ಗಾಳಿಯ ವಿಷಯದಲ್ಲಿ ಕರಾವಳಿಯ ಹಳೆಯ ಕಟ್ಟಡಗಳು ನಮಗಿಂತ ಬುದ್ಧಿವಂತ. ಎತ್ತರದ ಮಾಡು, ಎದುರುಬದುರು ದೊಡ್ಡ ಕಿಟಕಿ, ಸುತ್ತ ವರಾಂಡ. ಮಂಗಳೂರಿನಲ್ಲಿ 1848ರಲ್ಲಿ ಶುರುವಾದ ಸರ್ಕಾರಿ ವೆನ್ಲಾಕ್ ಆಸ್ಪತ್ರೆ, 1880ರ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದ ಕಾಲದಲ್ಲಿ ಎಸಿ ಎನ್ನುವುದೇ ಇರಲಿಲ್ಲ, ಗಾಳಿಯನ್ನೇ ನಂಬಬೇಕಿತ್ತು. ಈಗ ನಾವು ಕಟ್ಟುವುದು ತಗ್ಗು ಸೀಲಿಂಗ್, ಗಾಜಿನ ಮುಚ್ಚಿದ ಕಿಟಕಿ, ಗೋಡೆಗೊಂದು ಸ್ಪ್ಲಿಟ್ ಎಸಿ. ಈ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಒಳಗಿನದ್ದನ್ನೇ ತಂಪು ಮಾಡಿ ಮತ್ತೆ ಮತ್ತೆ ಬಿಡುತ್ತದೆ. ಟಿಬಿ ಇರುವವರು ಆ ಕೋಣೆಯಲ್ಲಿ ಅರ್ಧ ದಿನ ಕೆಮ್ಮಿದರೆ ಉಳಿದವರೆಲ್ಲ ಅದೇ ಗಾಳಿ ಸೇವಿಸುತ್ತಾರೆ. ಗಾಳಿಯಿಂದ ಹರಡುವ ಕಾಯಿಲೆಯ ರೋಗಿಗಳ ಕೋಣೆಯಲ್ಲಿ ಗಂಟೆಗೆ 12 ಸಲ ಗಾಳಿ ಪೂರ್ತಿ ಬದಲಾಗಬೇಕು ಎನ್ನುತ್ತವೆ ಮಾರ್ಗಸೂಚಿಗಳು. ನಮ್ಮ ಮಳೆಗಾಲ ನಾಲ್ಕು ತಿಂಗಳು. ಆ ನಾಲ್ಕು ತಿಂಗಳೂ ಕಿಟಕಿ ತೆರೆದಿರುವಂತೆ ಹೊರಗೆ ಅಗಲವಾದ ಸಜ್ಜಾ ಕೊಡಿ, ಮೇಲ್ಭಾಗದಲ್ಲಿ ಗಾಳಿಕಂಡಿ ಇಡಿ, ಇಲ್ಲವೇ ಗಾಳಿ ಹೊರಹಾಕುವ ಎಕ್ಸಾಸ್ಟ್ ಫ್ಯಾನ್ ಹಾಕಿ. ಆಸ್ಪತ್ರೆಯ ನಕ್ಷೆ ಮಾಡುವ ಎಂಜಿನಿಯರುಗಳಿಗೆ ಈ ಮಾತನ್ನು ಡಾಕ್ಟರುಗಳೇ ಕೂತು ಹೇಳಬೇಕು.

ಬಾಗಿಲು ದಾಟಿ ಒಳಗೆ ಬಂದ ಮೇಲೆ ಸೋಂಕಿನ ದಾರಿ ಬೇರೆ. ಅಲ್ಲಿ ಮುಖ್ಯ ವಾಹನ ಕೈ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ವರದಿಯ ಪ್ರಕಾರ, ಶ್ರೀಮಂತ ದೇಶಗಳಲ್ಲಿ ಆಸ್ಪತ್ರೆಗೆ ಸೇರಿದ ಪ್ರತಿ 100 ಮಂದಿಯಲ್ಲಿ 7 ಮಂದಿಗೆ, ನಮ್ಮಂಥ ದೇಶಗಳಲ್ಲಿ 15 ಮಂದಿಗೆ ಅಲ್ಲೇ ಒಂದು ಹೊಸ ಸೋಂಕಾದರೂ ಅಂಟುತ್ತದೆ. ಹಾಗೆ ಅಂಟಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಅದರಿಂದಲೇ ಸಾಯುತ್ತಾರೆ. ಸೊಂಟ ಮುರಿದು ಬಂದ ಅಜ್ಜಿ ನ್ಯುಮೋನಿಯಾದಿಂದ ಹೋದರೆ ಮನೆಯವರು "ವಯಸ್ಸಾಗಿತ್ತು" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ವಯಸ್ಸೇ ಕಾರಣವೋ, ವೆಂಟಿಲೇಟರಿನ ಪೈಪೋ ಎಂದು ಕೇಳುವವರಿಲ್ಲ.

ವಾರ್ಡಿನಲ್ಲಿ ಐದು ನಿಮಿಷ ಸುಮ್ಮನೆ ನಿಂತು ನೋಡಿ. ಮಂಚದ ಕಾಲ ಬಳಿ ಹ್ಯಾಂಡ್‌ರಬ್ ಬಾಟಲಿ ತೂಗುತ್ತಿರುತ್ತದೆ. ಒತ್ತಿದರೆ ಗಾಳಿ ಮಾತ್ರ ಬರುತ್ತದೆ, ಖಾಲಿಯಾಗಿ ಎಷ್ಟು ದಿನವಾಯಿತೋ. ಗ್ಲೌಸ್ ಹಾಕಿಕೊಂಡವರು ಒಬ್ಬರ ಬ್ಯಾಂಡೇಜ್ ಮುಟ್ಟಿ, ಅದೇ ಕೈಯಲ್ಲಿ ಫೈಲ್ ತೆರೆದು, ಪೆನ್ ಹಿಡಿದು, ಜೇಬಿನಿಂದ ಫೋನ್ ತೆಗೆದು, ಮುಂದಿನ ಮಂಚಕ್ಕೆ ಹೋಗುತ್ತಾರೆ. ಗ್ಲೌಸ್ ಹಾಕಿದವರ ಕೈ ಸುರಕ್ಷಿತ. ಎರಡನೇ ಮಂಚದವರದ್ದು? ರೋಗಿಯಿಂದ ರೋಗಿಗೆ ಗ್ಲೌಸ್ ಬದಲಾಗಬೇಕು, ತೆಗೆದ ಮೇಲೆ ಕೈ ಉಜ್ಜಬೇಕು. ಹ್ಯಾಂಡ್‌ರಬ್‌ನಲ್ಲಿ 20ರಿಂದ 30 ಸೆಕೆಂಡ್ ಸಾಕು, ಸೋಪು ನೀರಾದರೆ ಒಂದು ನಿಮಿಷದೊಳಗೆ. ಒಬ್ಬ ಸಿಸ್ಟರ್‌ಗೆ ಇಪ್ಪತ್ತು ಮೂವತ್ತು ರೋಗಿಗಳನ್ನು ಕೊಟ್ಟು ಪ್ರತಿ ಸಲ ಕೈ ತೊಳೆಯಿರಿ ಎಂದು ಬೋರ್ಡ್ ಹಾಕಿದರೆ ಆಗುವ ಕೆಲಸವಲ್ಲ ಅದು. 1847ರಲ್ಲಿ ವಿಯೆನ್ನಾದಲ್ಲಿ ಸೆಮ್ಮೆಲ್ವೈಸ್ ಎನ್ನುವ ವೈದ್ಯರು ಹೆರಿಗೆ ವಾರ್ಡಿನ ಡಾಕ್ಟರುಗಳ ಕೈಯನ್ನು ಕ್ಲೋರಿನ್ ನೀರಿನಲ್ಲಿ ತೊಳೆಸಿ ಬಾಣಂತಿಯರ ಸಾವನ್ನು ಇಳಿಸಿ ತೋರಿಸಿದ್ದರು. ಜ್ಞಾನಕ್ಕೆ ಬರ ಇಲ್ಲ, ಕೈಗೆ ಬಿಡುವಿಲ್ಲ.

ಕೈ ಆದ ಮೇಲೆ ಪೈಪುಗಳು. ಮೂತ್ರದ ಟ್ಯೂಬ್, ರಕ್ತನಾಳಕ್ಕೆ ಹಾಕಿದ ಕ್ಯಾನುಲಾ, ವೆಂಟಿಲೇಟರ್ ಟ್ಯೂಬ್. ದೇಹದೊಳಗೆ ಹೋಗುವ ಪ್ರತಿಯೊಂದೂ ರೋಗಾಣುವಿಗೆ ಏಣಿ. ಹಾಕುವಾಗ ಶುಚಿ ಮುಖ್ಯ, ತೆಗೆಯುವುದು ಅದಕ್ಕಿಂತ ಮುಖ್ಯ. ಟ್ಯೂಬ್ ಒಳಗಿದ್ದ ಒಂದೊಂದು ದಿನಕ್ಕೂ ಸೋಂಕಿನ ಸಾಧ್ಯತೆ ಏರುತ್ತಾ ಹೋಗುತ್ತದೆ. ದಿನಾ ಬೆಳಗ್ಗೆ ರೌಂಡ್ಸ್‌ಗೆ ಬಂದಾಗ "ಡಾಕ್ಟ್ರೇ, ಅಮ್ಮನಿಗೆ ಈ ಟ್ಯೂಬ್ ಇವತ್ತೂ ಬೇಕಾ?" ಎಂದು ಮನೆಯವರು ಕೇಳಬಹುದು. ಒಳ್ಳೆಯ ಡಾಕ್ಟರುಗಳಿಗೆ ಅದರಿಂದ ಬೇಜಾರಾಗುವುದಿಲ್ಲ.

ಆಂಟಿಬಯಾಟಿಕ್ ಬಗ್ಗೆ ಹೇಳಲು ಹೊರಟರೆ ಇನ್ನೊಂದು ಲೇಖನವೇ ಬೇಕು. ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ಮೆಡಿಕಲ್‌ನಿಂದ ಎರಡು ದಿನಕ್ಕೆ ಗುಳಿಗೆ ತಂದು ನುಂಗಿ ಆಮೇಲೆ ಆಸ್ಪತ್ರೆಗೆ ಬಂದರೆ ಕಾಯಿಲೆ ಯಾವ ರೋಗಾಣುವಿನದು ಎಂದು ತಿಳಿಯಲು ಮಾಡುವ ರಕ್ತದ ಕಲ್ಚರ್‌ನಲ್ಲಿ ರೋಗಾಣು ಬೆಳೆಯದೇ ಹೋಗಬಹುದು. ಆಗ ಡಾಕ್ಟರ್ ಊಹೆಯ ಮೇಲೆ ಇನ್ನೂ ದೊಡ್ಡ ಔಷಧಕ್ಕೆ ಹೋಗಬೇಕಾಗುತ್ತದೆ.

ಈಗ ಯಾರೂ ಮಾತಾಡದವರ ವಿಷಯಕ್ಕೆ ಬರೋಣ. ಹೌಸ್‌ಕೀಪಿಂಗ್‌ನವರು. ಬಹಳ ಕಡೆ ಗುತ್ತಿಗೆಯವರು, ಮೂರು ತಿಂಗಳಿಗೊಮ್ಮೆ ಬದಲಾಗುವವರು. ರೋಗಿಯ ಮಂಚ, ಕಕ್ಕಸು, ರಕ್ತ ಬಿದ್ದ ನೆಲ, ಕಸದ ಚೀಲ ಎಲ್ಲ ಇವರ ಕೈಯಲ್ಲೇ. ಬಳಸಿದ ಸೂಜಿ ಹೋಗಬೇಕಾದದ್ದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ. ಅವಸರದಲ್ಲಿ ಯಾರೋ ಅದನ್ನು ಕೆಂಪು ಚೀಲಕ್ಕೋ ಹಳದಿ ಚೀಲಕ್ಕೋ ಎಸೆದರೆ, ಚೀಲ ಎತ್ತುವ ಅಕ್ಕನ ಕಾಲಿಗೆ ಅದು ಚುಚ್ಚುತ್ತದೆ. ಸೋಂಕಿರುವ ರಕ್ತದ ಸೂಜಿ ಚುಚ್ಚಿದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ 30ರವರೆಗೂ ಹೋಗಬಹುದು. ಎಚ್‌ಐವಿಗೆ ಅದು ಸಾವಿರಕ್ಕೆ ಸುಮಾರು 3. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರು ಮಾಡಬೇಕು. ಹೆಪಟೈಟಿಸ್ ಬಿಗೆ ಮೂರು ಡೋಸಿನ ಲಸಿಕೆ ಇದೆ. ಕಸ ನಿರ್ವಹಿಸುವವರಿಗೂ ಇದನ್ನು ಹಾಕಿಸಬೇಕು ಎಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮವೇ ಹೇಳುತ್ತದೆ. ಡಾಕ್ಟರಿಗೆ, ನರ್ಸಿಂಗ್ ಹುಡುಗಿಯರಿಗೆ ಹಾಕಿಸಿ, ಗುತ್ತಿಗೆಯವರು ಏಜೆನ್ಸಿಯ ಜವಾಬ್ದಾರಿ ಎಂದು ಕೈತೊಳೆದುಕೊಳ್ಳುವ ಆಸ್ಪತ್ರೆ ನಿಯಮವನ್ನೂ ಮುರಿಯುತ್ತದೆ, ಅವರ ಬದುಕನ್ನೂ. ಸೂಜಿ ಚುಚ್ಚಿದ್ದನ್ನು ಹೇಳಿದರೆ ಕೆಲಸ ಹೋಗುತ್ತದೆ ಎಂಬ ಭಯ ಇರುವ ಕಡೆ ಯಾರೂ ಹೇಳುವುದಿಲ್ಲ. ಆ 72 ಗಂಟೆ ಹಾಗೇ ಕಳೆದು ಹೋಗುತ್ತದೆ.

ರೋಗಿಯ ಜೊತೆಗೆ ನಿಲ್ಲುವವರನ್ನೂ ಈ ಲೆಕ್ಕಕ್ಕೆ ಸೇರಿಸಲೇಬೇಕು. ನಮ್ಮಲ್ಲಿ ಯಾರನ್ನಾದರೂ ಎಡ್ಮಿಟ್ ಮಾಡಿದರೆ ಬೊಂಡ, ಕಿತ್ತಳೆ, ಬ್ರೆಡ್ ಹಿಡಿದು ಅರ್ಧ ಊರು ಬರುತ್ತದೆ, ಮಂಚದ ಮೇಲೇ ಕೂರುತ್ತದೆ. ಅದು ಪ್ರೀತಿ, ಬೈಯುವಂಥದ್ದಲ್ಲ. ಆದರೆ ಜ್ವರ ಶೀತ ಇರುವವರು ಫೋನ್‌ನಲ್ಲಿ ವಿಚಾರಿಸಲಿ, ಸಣ್ಣ ಮಕ್ಕಳನ್ನು ಕರೆತರುವುದು ಬೇಡ. ರಾತ್ರಿ ಮಂಚದ ಕೆಳಗೆ ಚಾಪೆ ಹಾಕಿ ಮಲಗುವ ಮಗಳೋ ಸೊಸೆಯೋ ಬೇರೆಯೇ. ಊಟ ಮಾಡಿಸುವುದು, ಬೆಡ್‌ಪ್ಯಾನ್ ಇಡುವುದು, ಮಗ್ಗುಲು ತಿರುಗಿಸುವುದು, ಹೀಗೆ ಅರ್ಧ ನರ್ಸಿಂಗ್ ಕೆಲಸ ಅವಳೇ ಮಾಡುತ್ತಾಳೆ. ಪಕ್ಕದ ಮಂಚದ ಅಜ್ಜಿಗೆ ಯಾರೂ ಇಲ್ಲವೆಂದು ಅವರಿಗೂ ನೀರು ಕುಡಿಸುತ್ತಾಳೆ. ಅವಳಿಗೆ ಕೈ ತೊಳೆಯುವುದು ಯಾವಾಗ, ಹೇಗೆ ಎಂದು ಮೊದಲ ದಿನವೇ ಹತ್ತು ನಿಮಿಷ ಹೇಳಿಕೊಡುವ ಆಸ್ಪತ್ರೆಗಳು ತೀರಾ ಕಮ್ಮಿ. ಕೋಯಿಕ್ಕೋಡ್‌ನಲ್ಲಿ ಸೋಂಕು ತಗಲಿದವರಲ್ಲಿ ಇಂಥವರೂ ಇದ್ದರು.

ಇಷ್ಟೆಲ್ಲ ನಡೆಯುತ್ತಿದೆಯೋ ಇಲ್ಲವೋ ಎಂದು ನೋಡಲು ಒಬ್ಬರು ಬೇಕು. ಅವರೇ ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್. 250 ಹಾಸಿಗೆಗೆ ಒಬ್ಬರಾದರೂ ಪೂರ್ಣಾವಧಿಗೆ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, 100ಕ್ಕೆ ಒಬ್ಬರಿದ್ದರೆ ಇನ್ನೂ ಒಳ್ಳೆಯದು. ಅವರನ್ನು ಆ ಕೆಲಸಕ್ಕೆಂದೇ ಬಿಡಬೇಕು, ಸಿಬ್ಬಂದಿ ಕಮ್ಮಿ ಬಿದ್ದ ದಿನ ವಾರ್ಡಿಗೆ ಎಳೆದು ಹಾಕಬಾರದು. ಖಾಲಿ ಬಾಟಲಿ ಕಂಡರೆ ತುಂಬಿಸುವ, ಸೀನಿಯರ್ ಡಾಕ್ಟರಿಗೂ "ಸರ್, ಕೈ" ಎಂದು ನೆನಪಿಸುವ ಅಧಿಕಾರ ಅವರಿಗಿರಬೇಕು.

ಅವರು ಬರೆದಿಟ್ಟ ಅಂಕಿಗಳು ಜನರಿಗೆ ಕಾಣಬೇಕು ಎನ್ನುವುದು ನನ್ನ ಕೊನೆಯ ಒತ್ತಾಯ. ಮಾನ್ಯತೆ ಪಡೆದ ಆಸ್ಪತ್ರೆಗಳು ಈ ಲೆಕ್ಕವನ್ನು ಹೇಗೂ ಇಡುತ್ತವೆ, ಅದು ಫೈಲಿನಲ್ಲೇ ಉಳಿಯುತ್ತದೆ. ಊರ ತುಂಬ ಫಲಕಗಳಲ್ಲಿ ಹೊಸ ಸ್ಕ್ಯಾನಿಂಗ್ ಯಂತ್ರದ ಚಿತ್ರ ಕಾಣುತ್ತದೆ, ಆಪರೇಷನ್ ಆದವರಲ್ಲಿ ಎಷ್ಟು ಮಂದಿಯ ಗಾಯ ಕೀವಾಯಿತು ಎನ್ನುವುದು ಕಾಣುವುದಿಲ್ಲ. "ನಮ್ಮಲ್ಲಿ ಸೋಂಕೇ ಇಲ್ಲ" ಎನ್ನುವ ಆಸ್ಪತ್ರೆಯನ್ನು ನಾನು ನಂಬುವುದಿಲ್ಲ, ಅಲ್ಲಿ ಹುಡುಕುವವರಿಲ್ಲ ಎಂದೇ ಅದರ ಅರ್ಥ. ಲೆಕ್ಕ ಇಡಲು ಶುರು ಮಾಡಿದ ಮೊದಲ ವರ್ಷ ಅಂಕಿ ಏರಿದಂತೆ ಕಾಣುತ್ತದೆ, ಅದಕ್ಕಾಗಿ ಯಾರನ್ನೂ ಹಂಗಿಸಬಾರದು. ಸಾವಿರ ಟ್ಯೂಬ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಮೂತ್ರದ ಟ್ಯೂಬ್ ಇದ್ದರೆ ಅದು ಒಂದು ಟ್ಯೂಬ್ ದಿನ) ಎಷ್ಟು ಮೂತ್ರದ ಸೋಂಕು, ನೂರು ಆಪರೇಷನ್‌ಗೆ ಎಷ್ಟು ಗಾಯದ ಸೋಂಕು, ಸಿಬ್ಬಂದಿಯಲ್ಲಿ ಎಷ್ಟು ಮಂದಿಗೆ ಸೂಜಿ ಚುಚ್ಚಿತು. ವೆನ್ಲಾಕ್‌ನಲ್ಲಿ, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲಿ, ಎರಡೂ ಜಿಲ್ಲೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಈ ಮೂರು ಅಂಕಿಯನ್ನು ತಿಂಗಳಿಗೊಮ್ಮೆ ಬಾಗಿಲ ಬಳಿ ಕನ್ನಡದಲ್ಲಿ ಬರೆದು ಹಾಕಲಿ. ಜಿಲ್ಲಾ ಆರೋಗ್ಯ ಇಲಾಖೆ ಮನಸ್ಸು ಮಾಡಿದರೆ ಮುಂದಿನ ಮಳೆಗಾಲದೊಳಗೆ ಇದು ಆಗುವ ಕೆಲಸ.